ಭರತನಾಟ್ಯದ ಫೋಟೊಗೆ ಸೆಕೆಂಡ್ ಹ್ಯಾಂಡ್ ಕ್ಯಾನನ್ 200ಡಿ ಮಾರ್ಕ್ 2 ತಗೊಳ್ಳಲಾ, ಹೊಸ ಆರ್50 ತಗೊಳ್ಳಲಾ?

ನಿಮ್ಮ ಪ್ರಶ್ನೆ ಓದಿದೆ. ತಂಗಿಯ ಡ್ಯಾನ್ಸ್ ಫೋಟೊ ತೆಗೆಯಬೇಕು, ಕೈಯಲ್ಲಿರೋದು ಒಂದೇ ಬಜೆಟ್, 200ಡಿ ಮಾರ್ಕ್ 2 ಅನ್ನೋ ಹಳೇ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಇಲ್ಲಾ ಆರ್50 ಅನ್ನೋ ಹೊಸ ಮಿರರ್‌ಲೆಸ್ (ಕನ್ನಡಿ ಇಲ್ಲದ್ದು). ಅದೆಲ್ಲ ಸರಿ. ಆದರೆ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀರಲ್ಲ, "ಮಿರರ್‌ಲೆಸ್‌ನಲ್ಲಿ ಸೈಲೆಂಟ್ ಶಟರ್ ಇದೆ, ಹಾಲ್‌ನಲ್ಲಿ ಯಾರಿಗೂ ತೊಂದರೆ ಆಗಲ್ಲ" ಅಂತ, ಅದನ್ನು ಓದಿದ ಮೇಲೆ ಸುಮ್ನೆ ಮುಂದೆ ಹೋಗಲು ಮನಸ್ಸಾಗಲಿಲ್ಲ. ನಾನು ಮಿರರ್‌ಲೆಸ್ ತಗೊಂಡಿದ್ದೇ ಆ ಒಂದು ಕಾರಣಕ್ಕೆ. ಕೈ ಸುಟ್ಟುಕೊಂಡಿದ್ದೂ ಅದರಿಂದಲೇ.

ನನ್ನ ಹತ್ತಿರ ಇದ್ದಿದ್ದು ನಿಕಾನ್ ಡಿ3300. 2014ರ ಮಾಡೆಲ್, 24 ಮೆಗಾಪಿಕ್ಸೆಲ್, ಅದರ ಮೇಲೆ 85 ಎಂಎಂ ಎಫ್/1.8 ಲೆನ್ಸ್. ಆಫೀಸಿನ ಕೆಲಸ ಬೇರೆ, ಶನಿವಾರ ಭಾನುವಾರ ಮಾತ್ರ ರಂಗಪ್ರವೇಶ, ಸ್ಕೂಲ್ ಡೇ, ನಾಮಕರಣ ಅಂತ ಫೋಟೊ ತೆಗೆದು ಒಂದಿಷ್ಟು ಮೇಲುಸಂಪಾದನೆ. ಫೋಟೊ ಬಗ್ಗೆ ಯಾರೂ ತಕರಾರು ಮಾಡಿರಲಿಲ್ಲ. ತಕರಾರು ಬಂದಿದ್ದು ಸದ್ದಿನ ಬಗ್ಗೆ. ಒಂದು ಕಾರ್ಯಕ್ರಮ ಮುಗಿದ ಮೇಲೆ ನಟ್ಟುವಾಂಗ ಮಾಡಿದ್ದ, ಅಂದರೆ ತಾಳ ಹಾಕಿ ನೃತ್ಯ ನಡೆಸಿದ್ದ ಗುರುಗಳು ಕರೆದು ನಗುತ್ತಲೇ ಹೇಳಿದರು, "ನನ್ನ ತಾಳಕ್ಕಿಂತ ನಿನ್ನ ಕ್ಯಾಮೆರಾ ತಾಳವೇ ಜೋರಾಗಿ ಕೇಳ್ತಿತ್ತಲ್ಲಪ್ಪಾ." ಅವರು ನಕ್ಕರು, ಪಕ್ಕದಲ್ಲಿದ್ದ ಮೃದಂಗದವರು ನಗಲಿಲ್ಲ. ಡಿ3300ರಲ್ಲಿ ಕ್ವಯೆಟ್ ಮೋಡ್ ಅಂತ ಒಂದಿದೆ, ಅದರಲ್ಲಿ ಸದ್ದೇನೂ ಹೋಗಲ್ಲ, ಸ್ವಲ್ಪ ತಡವಾಗಿ ಬರುತ್ತದೆ ಅಷ್ಟೇ. ಕನ್ನಡಿ ಮೇಲೆದ್ದು ಕೆಳಗೆ ಬೀಳಲೇಬೇಕಲ್ಲ.

ಆ ಒಂದು ಮಾತಿಗೆ ಹೊಸ ಕ್ಯಾಮೆರಾ ತಗೊಂಡೆ. ಯಾವ ಕಂಪನಿಯದ್ದು ಅಂತ ಬೇಡ, ಆ ದರದಲ್ಲಿ ಎಲ್ಲರದ್ದೂ ಇದೇ ಕಥೆ. ಮನೆಯಲ್ಲಿ ಸೈಲೆಂಟ್ ಶಟರ್ ಆನ್ ಮಾಡಿ ಫ್ಯಾನ್, ಬೆಕ್ಕು, ಅಮ್ಮ ಅಂತ ಕಂಡಿದ್ದನ್ನೆಲ್ಲ ತೆಗೆದೆ. ಹಗಲು, ಕಿಟಕಿ ಬೆಳಕು, ಎಲ್ಲವೂ ಚೆಂದ. ಮುಂದಿನ ರಂಗಪ್ರವೇಶಕ್ಕೆ ಅದನ್ನೇ ತಗೊಂಡು ಹೋದೆ.

ಮೊದಲಿನ ಪುಷ್ಪಾಂಜಲಿಯಿಂದ ಕೊನೆಯ ತಿಲ್ಲಾನದವರೆಗೆ ಸದ್ದೇ ಇಲ್ಲ. ಮುಂದಿನ ಸಾಲಿನಲ್ಲೇ ಕೂತು ಮನಸ್ಸಿಗೆ ಬಂದಷ್ಟು ಹೊಡೆದೆ. ಸ್ಕ್ರೀನ್ ಬೆಳಕು ಹಿಂದೆ ಕೂತವರ ಕಣ್ಣಿಗೆ ಬೀಳಬಾರದು ಅಂತ ತೆಗೆದ ಫೋಟೊ ತೋರಿಸುವ ರಿವ್ಯೂ ಕೂಡ ಆಫ್ ಮಾಡಿದ್ದೆ. ವ್ಯೂಫೈಂಡರ್ ಒಳಗೆ ಆಗಾಗ ಅಲೆ ಅಲೆಯಾಗಿ ಏನೋ ಮೇಲಿಂದ ಕೆಳಗೆ ಹರಿದ ಹಾಗೆ ಕಾಣುತ್ತಿತ್ತು. ಎಲೆಕ್ಟ್ರಾನಿಕ್ ವ್ಯೂಫೈಂಡರ್ ಅಂದ್ರೆ ಹೀಗೇ ಇರಬೇಕು ಅಂದುಕೊಂಡೆ.

ರಾತ್ರಿ ಮನೆಗೆ ಬಂದು ಮಾನಿಟರ್‌ನಲ್ಲಿ ತೆರೆದೆ. ವರ್ಣ ಅನ್ನೋ ಉದ್ದದ ನೃತ್ಯದ ಫೋಟೊ, ನಾಯಿಕೆ ಬಾಗಿಲ ಕಡೆ ನೋಡುತ್ತಾ ಕಾಯುವ ಭಂಗಿ. ಹಣೆಯ ಬೈತಲೆ ಬೊಟ್ಟಿನ ಮೇಲೆ ಒಂದು ನೇರಳೆ ಪಟ್ಟಿ. ಮೂಗಿನ ಹತ್ತಿರ ಹಸಿರು ಛಾಯೆ. ಕತ್ತಿನ ಹಾರದಿಂದ ಕೆಳಗೆ ಮತ್ತೆ ನೇರಳೆ. ಮುಂದಿನ ಫೋಟೊದಲ್ಲಿ ಅದೇ ಪಟ್ಟಿಗಳು ಒಂದಿಷ್ಟು ಕೆಳಗೆ ಜಾರಿದ್ದವು. ಕ್ಯಾಮೆರಾ ಉದ್ದಕ್ಕೆ ತಿರುಗಿಸಿ ತೆಗೆದಿದ್ದರಲ್ಲಿ ಉದ್ದ ಪಟ್ಟಿ, ಅರ್ಧ ಮುಖ ಬೆಳಕು, ಅರ್ಧ ಮಂಕು. ವೇದಿಕೆಯ ಹಿಂದೆ ಕಪ್ಪು ಪರದೆ ಇದ್ದಿದ್ದರಿಂದ ಅಲ್ಲಿ ಏನೂ ಗೊತ್ತಾಗುತ್ತಿರಲಿಲ್ಲ. ಗೊತ್ತಾಗುತ್ತಿದ್ದಿದ್ದು ಮುಖದ ಮೇಲೆ, ಕೈ ಮೇಲೆ, ರೇಷ್ಮೆ ಮೇಲೆ. ಅಂದರೆ ಎಲ್ಲಿ ಇರಬಾರದೋ ಅಲ್ಲೇ.

ಇದು ಯಾಕೆ ಹೀಗೆ ಅಂತ ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಅಂಗಡಿಯಲ್ಲಿ ಯಾರೂ ಹೇಳಲ್ಲ. ಸೈಲೆಂಟ್ ಶಟರ್ ಅಂದರೆ ಒಳಗೆ ಯಾವ ಪರದೆಯೂ ಅಲ್ಲಾಡುವುದಿಲ್ಲ, ಚಿತ್ರ ಹಿಡಿಯುವ ಸೆನ್ಸರ್ ತಾನೇ ಒಂದೊಂದು ಸಾಲಾಗಿ ಚಿತ್ರವನ್ನು ಓದಿಕೊಳ್ಳುತ್ತದೆ. ಜೆರಾಕ್ಸ್ ಮಷಿನ್ ಒಳಗೆ ಬೆಳಕು ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುತ್ತದಲ್ಲ, ಆ ಥರ. ಎಂಟ್ರಿ ಲೆವೆಲ್ ಕ್ಯಾಮೆರಾಗಳಲ್ಲಿ ಹೀಗೆ ಮೇಲಿಂದ ಕೆಳಗಿನವರೆಗೆ ಓದಿ ಮುಗಿಸಲು ಸೆಕೆಂಡಿನ ಮೂವತ್ತನೇ ಒಂದು ಭಾಗದ ಆಸುಪಾಸು ಬೇಕು. ನೀವು ಶಟರ್ ಸ್ಪೀಡ್ 1/250 ಅಂತ ಇಟ್ಟರೂ ಅಷ್ಟೇ, 1/1000 ಇಟ್ಟರೂ ಅಷ್ಟೇ. ಆ ಸ್ಪೀಡ್ ಒಂದೊಂದು ಸಾಲಿಗೆ ಮಾತ್ರ, ಇಡೀ ಚಿತ್ರಕ್ಕಲ್ಲ. ಇತ್ತ ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತದೆ. ನಮ್ಮ ಕಣ್ಣಿಗೆ ತಿಳಿಯಲ್ಲ. ಸೆನ್ಸರ್ ಒಂದು ಚಿತ್ರ ಓದಿ ಮುಗಿಸುವಷ್ಟರಲ್ಲಿ ಬೆಳಕು ಮೂರು ಸಲ ಏರಿ ಇಳಿದಿರುತ್ತದೆ, ಚಿತ್ರದ ಮೇಲೆ ಮೂರು ಪಟ್ಟಿ. ಬಣ್ಣದ ಸ್ಟೇಜ್ ಲೈಟ್ ಆದರೆ ಇನ್ನೂ ಕಷ್ಟ, ಕೆಂಪು, ಹಸಿರು, ನೀಲಿ ಎಲ್‌ಇಡಿಗಳನ್ನು ಬೇರೆ ಬೇರೆಯಾಗಿ ಆನ್ ಆಫ್ ಮಾಡಿಯೇ ಬಣ್ಣ ಬೆರೆಸುವುದು, ಅದಕ್ಕೇ ಪಟ್ಟಿಗೂ ಬಣ್ಣ ಬರುತ್ತದೆ.

ಮೆಕ್ಯಾನಿಕಲ್ ಶಟರ್‌ನಲ್ಲಿ ಪರದೆ ಸೆಕೆಂಡಿನ ಇನ್ನೂರನೇ ಒಂದು ಭಾಗದಷ್ಟರಲ್ಲಿ ಹಾದು ಹೋಗಿರುತ್ತದೆ. ಒಂದು ಮಿನುಗು ಮುಗಿಯುವ ಮೊದಲೇ ಅದರ ಕೆಲಸ ಮುಗಿದಿರುತ್ತದೆ. ಒಂದು ಫೋಟೊ ಸ್ವಲ್ಪ ಮಂಕಾಗಬಹುದು, ಒಂದು ಮೂಲೆ ಕಪ್ಪಾಗಬಹುದು, ಆದರೆ ಮುಖದ ಮೇಲೆ ರಂಗೋಲಿ ಬೀಳುವುದು ಅಪರೂಪ. ಸೋನಿ ಎ9 ಮಾರ್ಕ್ 3 ಥರ ಇಡೀ ಸೆನ್ಸರನ್ನು ಒಂದೇ ಏಟಿಗೆ ಓದುವ ಕ್ಯಾಮೆರಾಗಳು ಬಂದಿವೆ, ಅದರ ದರದಲ್ಲಿ ನಿಮ್ಮ ತಂಗಿಯ ರಂಗಪ್ರವೇಶವನ್ನೇ ಮಾಡಿ ಮುಗಿಸಬಹುದು.

"ಹಾಗಾದ್ರೆ 1/100 ಇಟ್ಟುಕೊಂಡರೆ ಸರಿ ಹೋಗುತ್ತಲ್ವಾ" ಅಂತ ನಂತರ ಒಬ್ಬರು ಹೇಳಿದರು. ಟ್ಯೂಬ್‌ಲೈಟಿಗೆ ಸರಿ ಹೋಗುತ್ತದೆ. ಒಂದು ಪೂರ್ತಿ ಮಿನುಗು ಪ್ರತಿ ಸಾಲಿಗೂ ಸಮನಾಗಿ ಸಿಗುತ್ತದೆ, ಪಟ್ಟಿ ಮಾಯ. ಆದರೆ ಜತಿ (ತಾಳದ ಸೊಲ್ಲುಗಳಿಗೆ ವೇಗದ ಹೆಜ್ಜೆ) ಹಾಕುವಾಗ 1/100ರಲ್ಲಿ ಕೈ ಎಲ್ಲಿದೆ, ಗೆಜ್ಜೆ ಎಲ್ಲಿದೆ ಅಂತ ಹುಡುಕಬೇಕು.

ಸರಿ ಮಾಡಲು ಏನೆಲ್ಲ ಮಾಡಿದೆ ಅಂತ ಕೇಳಬೇಡಿ. ಕಪ್ಪು ಬಿಳುಪು ಮಾಡಿ ನೋಡಿದೆ, ಬಣ್ಣ ಹೋಯಿತು, ಪಟ್ಟಿ ಹೋಗಲಿಲ್ಲ. ಹುಡುಗಿಯ ಅಮ್ಮ ಅದನ್ನು ನೋಡಿ, "ಅಣ್ಣಾ, ಕಾಂಚೀಪುರಕ್ಕೇ ಹೋಗಿ ಸೀರೆ ತಂದು ಡ್ರೆಸ್ ಹೊಲಿಸಿದ್ದು, ಬಣ್ಣಾನೇ ಇಲ್ದಿದ್ರೆ ಹೇಗೆ" ಅಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ದುಡ್ಡು ವಾಪಸ್ ಕೊಟ್ಟೆ. ವಿಡಿಯೊದವರ ಫೈಲಿನಿಂದ ಕೆಲವು ಫ್ರೇಮ್ ತೆಗೆಸಿ ಅವರ ಆಲ್ಬಮ್ ಆಯಿತು. ಆ ನೃತ್ಯಶಾಲೆಯಿಂದ ಮತ್ತೆ ನನಗೆ ಕರೆ ಬರಲಿಲ್ಲ.

ಈಗ ನಿಮ್ಮ ವಿಷಯ. ಸದ್ದು ನಿಜವಾದ ತೊಂದರೆಯೇ ಅಲ್ಲ ಅಂತ ನನ್ನ ಅಭಿಪ್ರಾಯ. ಸದ್ದು ತೊಂದರೆ ಆಗುವುದು ನಾವು ಬರ್ಸ್ಟ್ (ಒಂದೇ ಒತ್ತಿಗೆ ಸಾಲು ಸಾಲು ಫೋಟೊ) ಹಾಕಿ ಟಪಟಪ ಅಂತ ಹೊಡೆಯುವುದರಿಂದ. ಭರತನಾಟ್ಯಕ್ಕೆ ಬರ್ಸ್ಟ್ ಯಾಕೆ? ಜತಿಯ ಕೊನೆಗೆ ಮುಕ್ತಾಯ ಬರುತ್ತದೆ, ಅಲ್ಲಿ ಕಲಾವಿದೆ ಮಂಡಿ ಬಗ್ಗಿಸಿದ ಅರಮಂಡಿಯಲ್ಲೋ ಇನ್ಯಾವುದೋ ಭಂಗಿಯಲ್ಲೋ ಒಂದು ಕ್ಷಣ ನಿಂತೇ ನಿಲ್ಲುತ್ತಾಳೆ. ನಿಮಗೆ ಬೇಕಾದ ಫೋಟೊ ಅದೇ. ಅದೇ ಕ್ಷಣದಲ್ಲಿ ತಾಳ, ಮೃದಂಗ, ಪಾದ ಮೂರೂ ಒಟ್ಟಿಗೆ ಬೀಳುತ್ತವೆ, ಅದರ ಅಡಿಯಲ್ಲಿ ನಿಮ್ಮ ಶಟರ್ ಸದ್ದು ಯಾರಿಗೆ ಕೇಳಬೇಕು? ತಂಗಿ ಮನೆಯಲ್ಲೇ ಅಭ್ಯಾಸ ಮಾಡ್ತಾಳಲ್ಲ, ಅವಳ ವರ್ಣ ನಿಮಗೆ ಬಾಯಿಪಾಠ ಆಗುವಷ್ಟು ಕೂತು ನೋಡಿ. ಹೊರಗಿನ ಫೋಟೊಗ್ರಾಫರ್‌ಗೆ ಇಲ್ಲದ ಅನುಕೂಲ ಇದು. ಅಭಿನಯದ ಜಾಗದಲ್ಲಿ, ವೀಣೆಯೋ ಕೊಳಲೋ ಒಂದೇ ಮೆಲ್ಲಗೆ ಕೇಳುವಾಗ ಮಾತ್ರ ಬೆರಳು ತಡೆಯಬೇಕು. ಮುಂದಿನ ಸಾಲು ಬಿಟ್ಟು ಪಕ್ಕದ ನಡೆದಾರಿಯ ಕಡೆ ನಿಂತರೆ ಅದೂ ಸುಲಭ.

ಸದ್ದಿನ ಮಾತು ಹೋಯಿತು ಅಂದ ಮೇಲೆ ಉಳಿಯುವುದು ಬೆಳಕು. ಇಲ್ಲಿ ಕ್ಯಾಮೆರಾ ಬಾಡಿಗಿಂತ ಲೆನ್ಸೇ ಮುಖ್ಯ, ಲೆನ್ಸಿನ ಎಫ್ ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಜಾಸ್ತಿ. ಆರ್50 ಜೊತೆ ಬರುವ 18-45 ಕಿಟ್ ಲೆನ್ಸ್ ಪೂರ್ತಿ ಜೂಮ್ ಮಾಡಿದಾಗ ಎಫ್/6.3. ಒಂದು ಎಫ್/1.8 ಲೆನ್ಸ್ ಅದಕ್ಕಿಂತ ಸುಮಾರು 12 ಪಟ್ಟು ಜಾಸ್ತಿ ಬೆಳಕು ಬಿಡುತ್ತದೆ. ಅಂದರೆ ಎಫ್/1.8ರಲ್ಲಿ ಐಎಸ್‌ಒ (ಬೆಳಕು ಕಡಿಮೆ ಇದ್ದಾಗ ಏರಿಸುವ ಸಂಖ್ಯೆ, ಏರಿಸಿದಷ್ಟೂ ಚಿತ್ರ ಒರಟು) 1600 ಸಾಕಾಗುವ ಕಡೆ ಕಿಟ್ ಲೆನ್ಸ್‌ಗೆ ಹೆಚ್ಚುಕಡಿಮೆ 20000 ಬೇಕು. 2023ರ ಸೆನ್ಸರ್ ಆಗಲಿ ಯಾವುದೇ ಆಗಲಿ, ಆ ಅಂತರ ತುಂಬಲ್ಲ. ಹೊಸ ಆರ್50 ತಗೊಂಡರೆ ನಿಮ್ಮ ಬಜೆಟ್ ಕಿಟ್ ಲೆನ್ಸ್‌ಗೇ ಮುಗಿಯುತ್ತದೆ, ನೀವೇ ಬರೆದಿದ್ದೀರಿ. ಸೆಕೆಂಡ್ ಹ್ಯಾಂಡ್ 200ಡಿ ಮಾರ್ಕ್ 2 ತಗೊಂಡರೆ ಉಳಿದ ದುಡ್ಡಿಗೆ ಅದಕ್ಕೆ ಹೊಂದುವ ಕ್ಯಾನನ್‌ನ ಹಳೇ ಇಎಫ್ 85 ಎಂಎಂ ಎಫ್/1.8 ಲೆನ್ಸ್ ಬರುತ್ತದೆ. ಅದೂ ಸೆಕೆಂಡ್ ಹ್ಯಾಂಡೇ ಸಾಕು. ತಗೊಳ್ಳುವಾಗ ಮೊಬೈಲ್ ಟಾರ್ಚ್ ಹಿಡಿದು ಒಳಗೆ ಜೇಡರಬಲೆ ಥರ ಫಂಗಸ್ ಇದೆಯಾ ಅಂತ ನೋಡಿ, ಕರಾವಳಿ, ಮಲೆನಾಡಿನಿಂದ ಬಂದ ಲೆನ್ಸ್ ಆದರೆ ಎರಡು ಸಲ ನೋಡಿ.

"ಡಿಎಸ್‌ಎಲ್‌ಆರ್ ಸತ್ತು ಹೋಯಿತು" ಅನ್ನುವ ಮಾತು. ಹೌದು, ಕ್ಯಾನನ್, ನಿಕಾನ್ ಎರಡೂ 2020ರ ನಂತರ ಹೊಸ ಡಿಎಸ್‌ಎಲ್‌ಆರ್ ಬಿಟ್ಟಿಲ್ಲ. ಅದಕ್ಕೇ ಅಲ್ವಾ ನಿಮಗೆ ಅಗ್ಗಕ್ಕೆ ಸಿಗ್ತಿರೋದು! ಇಎಫ್ ಮೌಂಟ್, ಅಂದರೆ ಆ ಲೆನ್ಸ್ ಕೂರುವ ಜೋಡಣೆ, 1987ರಿಂದ ಇದೆ, ಆ ಲೆನ್ಸ್‌ಗಳು ಅಡಾಪ್ಟರ್ ಹಾಕಿದರೆ ನಾಳೆ ನೀವು ತಗೊಳ್ಳುವ ಆರ್ ಸರಣಿಯ ಕ್ಯಾಮೆರಾದ ಮೇಲೂ ಆಟೊಫೋಕಸ್ ಸಮೇತ ಕೆಲಸ ಮಾಡುತ್ತವೆ. ಲೆನ್ಸಿಗೆ ಹಾಕಿದ ದುಡ್ಡು ಎಲ್ಲೂ ಹೋಗಲ್ಲ.

ಆರ್50 ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಕಣ್ಣು ಹಿಡಿಯುವ ಅದರ ಆಟೊಫೋಕಸ್ ಮುಂದೆ 200ಡಿ ಮಾರ್ಕ್ 2ರ ವ್ಯೂಫೈಂಡರ್‌ನ 9 ಫೋಕಸ್ ಪಾಯಿಂಟ್ ಏನೂ ಅಲ್ಲ, ನಡುವಿನ ಪಾಯಿಂಟ್ ಒಂದನ್ನೇ ಮುಖದ ಮೇಲಿಟ್ಟು ತೆಗೆಯುವುದು ರೂಢಿ ಆಗಬೇಕು. ಸ್ಪಾಟ್‌ಲೈಟಿಗೆ ಮುಖ ಬೆಳ್ಳಗೆ ಸುಟ್ಟು ಹೋಗ್ತಿದ್ರೆ ಮಿರರ್‌ಲೆಸ್‌ನಲ್ಲಿ ಕ್ಲಿಕ್ ಮಾಡುವ ಮೊದಲೇ ಕಾಣುತ್ತದೆ. ಡಿಎಸ್‌ಎಲ್‌ಆರ್‌ನಲ್ಲಿ ತೆಗೆದ ಮೇಲೆ ಗೊತ್ತಾಗುತ್ತದೆ. ವಿಡಿಯೊ ಬೇಕು ಅಂದರಂತೂ ಮಾತೇ ಇಲ್ಲ, 200ಡಿ ಮಾರ್ಕ್ 2ರಲ್ಲಿ 4ಕೆ ಇದೆ ಅಂತ ಡಬ್ಬದ ಮೇಲೆ ಬರೆದಿದ್ದರೂ ಅದು ಚಿತ್ರವನ್ನು ಸುತ್ತಲೂ ಕತ್ತರಿಸಿ ಕೊಡುತ್ತದೆ, ಆರ್50 ಕತ್ತರಿಸುವುದಿಲ್ಲ. ರೀಲ್ಸ್, ಯೂಟ್ಯೂಬ್ ನಿಮ್ಮ ಮುಖ್ಯ ಕೆಲಸ ಆಗಿದ್ದರೆ ನಾನು ಬರೆದಿದ್ದನ್ನೆಲ್ಲ ಬಿಟ್ಟು ಅದನ್ನೇ ತಗೊಳ್ಳಿ. ಆದರೆ ನೀವು ಕೇಳಿದ್ದು ಫೋಟೊ. ಇನ್ನು ಬ್ಯಾಟರಿ: ಎರಡಕ್ಕೂ ಒಂದೇ ಬ್ಯಾಟರಿ, ಎಲ್‌ಪಿ-ಇ17. 200ಡಿ ಮಾರ್ಕ್ 2ಕ್ಕೆ ವ್ಯೂಫೈಂಡರ್‌ನಲ್ಲಿ 1070 ಫೋಟೊ ಅಂತ ಕಂಪನಿ ಲೆಕ್ಕ, ಅದೇ ಬ್ಯಾಟರಿ ಆರ್50ಯಲ್ಲಿ ಅದರ ಅರ್ಧವೂ ಬರಲ್ಲ, ತಿಲ್ಲಾನಕ್ಕೆ ಮೊದಲು ಬ್ಯಾಟರಿ ಬದಲಿಸಲು ಕತ್ತಲಲ್ಲಿ ತಡಕಾಡಬೇಕು. ಮುಂದೆ ನಾಮಕರಣ, ಮದುವೆಗೆ ಫ್ಲಾಶ್ ಹಾಕುವ ಯೋಚನೆ ಇದ್ದರೆ ಇನ್ನೊಂದು: ಎರಡರ ಹಾಟ್ ಶೂನಲ್ಲೂ (ಫ್ಲಾಶ್ ಸಿಕ್ಕಿಸುವ ಜಾಗ) ಹಳೇ ಥರದ ನಡುವಿನ ಪಿನ್ ಇಲ್ಲ, ಸ್ನೇಹಿತರ ಹತ್ತಿರ ಇರುವ ಅಗ್ಗದ ಫ್ಲಾಶ್ ಟ್ರಿಗರ್ ಕೆಲಸ ಮಾಡಲ್ಲ. ತಗೊಳ್ಳುವ ಮೊದಲು ಅಂಗಡಿಯಲ್ಲೇ ಹಾಕಿ ನೋಡಿ.

ನನ್ನ ಮಾತು ಕೇಳದೆ ಆರ್50ನೇ ತಗೊಂಡಿರಿ ಅಂದುಕೊಳ್ಳಿ (ತುಂಬಾ ಜನ ಹಾಗೇ ಮಾಡ್ತಾರೆ, ನಾನೂ ಯಾರ ಮಾತೂ ಕೇಳಿರಲಿಲ್ಲ). ಆಗ ಮೆನುವಿನಲ್ಲಿ ಶಟರ್ ಮೋಡ್‌ಗೆ ಹೋಗಿ ಎಲೆಕ್ಟ್ರಾನಿಕ್ ಫಸ್ಟ್ ಕರ್ಟನ್ ಇಡಿ. ಹೆಸರಲ್ಲಿ ಎಲೆಕ್ಟ್ರಾನಿಕ್ ಅಂತ ಇದ್ದರೂ ಮುಗಿಸುವುದು ನಿಜವಾದ ಪರದೆಯೇ, ಅದರಿಂದ ಅಷ್ಟು ಭಯ ಇಲ್ಲ, ಸದ್ದೂ ಡಿಎಸ್‌ಎಲ್‌ಆರ್‌ಗಿಂತ ಕಡಿಮೆ. ವ್ಲಾಗಿಂಗ್ ಕ್ಯಾಮೆರಾ ಕಡೆ ಮಾತ್ರ ಹೋಗಬೇಡಿ, ಸೋನಿ ಝಡ್‌ವಿ-ಇ10 ಮಾರ್ಕ್ 2 ಥರದ್ದರಲ್ಲಿ ಮೆಕ್ಯಾನಿಕಲ್ ಶಟರ್ ಇಲ್ಲವೇ ಇಲ್ಲ, ಪಟ್ಟಿ ಬಿದ್ದರೆ ಬದಲಿಸಿಕೊಳ್ಳಲು ದಾರಿಯೇ ಇರಲ್ಲ.

ಯಾವುದೇ ಕ್ಯಾಮೆರಾ ಇರಲಿ, ಕಾರ್ಯಕ್ರಮಕ್ಕೆ ಒಂದು ಗಂಟೆ ಮೊದಲು ಹೋಗಿ. ಲೈಟಿನವರು ಬಣ್ಣ ಹಾಕಿ ನೋಡ್ತಿರ್ತಾರೆ, ಟೀ ಕುಡಿಸಿ ಮಾತಾಡಿಸಿ. ವೇದಿಕೆ ಮಧ್ಯೆ ಯಾರನ್ನಾದರೂ ಬಿಳಿ ಅಂಗಿಯಲ್ಲಿ ನಿಲ್ಲಿಸಿ, ಪ್ರತಿ ಬಣ್ಣದ ಲೈಟಿಗೂ 1/250ರಲ್ಲಿ ಒಂದಿಷ್ಟು ಫೋಟೊ ತೆಗೆದು, ಪೂರ್ತಿ ಜೂಮ್ ಮಾಡಿ ಅಂಗಿ ನೋಡಿ. ಪಟ್ಟಿ ಕಂಡರೆ ನೇರಳೆ, ನೀಲಿ ಸ್ವಲ್ಪ ಕಡಿಮೆ ಮಾಡಿ ಹಳದಿ ಮಿಶ್ರಿತ ಬಿಳಿ ಜಾಸ್ತಿ ಕೊಡಿ ಅಂತ ಕೇಳಿ. ಹಳೇ ಹ್ಯಾಲೋಜನ್ ಇರುವ ಹಾಲ್ ಆದರೆ ಅದನ್ನೇ ಹಾಕಿಸಿಕೊಳ್ಳಿ, ಅದು ಹೀಗೆಲ್ಲ ಮಿನುಗಲ್ಲ, ಮುಖಕ್ಕೂ ಚೆಂದ.