ವಿಚ್ಛೇದನದ ನಂತರ ಮಕ್ಕಳು ಯಾವ ದಿನ ಯಾರ ಮನೆಯಲ್ಲಿ?

ಪ್ರಶ್ನೆ: ನಾವಿಬ್ಬರೂ ಒಪ್ಪಿಯೇ ವಿಚ್ಛೇದನ ಪಡೆಯುತ್ತಿದ್ದೇವೆ. ಮಗನಿಗೆ 9, ಮಗಳಿಗೆ 4 ವರ್ಷ. ಮನೆಗಳು ಹತ್ತಿರದಲ್ಲೇ ಇವೆ. ಜಂಟಿ ಕಸ್ಟಡಿ, ಅಂದರೆ ಮಕ್ಕಳ ಹೊಣೆ ಇಬ್ಬರದ್ದೂ, ಎಂದು ಮಾತಾಗಿದೆ. ಒಪ್ಪಂದದ ಕರಡಿನಲ್ಲಿ ‘ಪರಸ್ಪರ ಅನುಕೂಲ ನೋಡಿಕೊಂಡು ಮಕ್ಕಳನ್ನು ಇಟ್ಟುಕೊಳ್ಳತಕ್ಕದ್ದು’ ಎಂದಷ್ಟೇ ಇದೆ. ಸಾಕೇ?

ಉತ್ತರ: ಸಾಲದು. ಈಗ ಮಾತುಕತೆ ಚೆನ್ನಾಗಿರುವುದರಿಂದ ಸಾಕು ಅನಿಸುತ್ತಿದೆ. ನಾಳೆ ಒಬ್ಬರ ಕೆಲಸದ ಸಮಯ ಬದಲಾದಾಗ, ಇಲ್ಲವೇ ಮರುಮದುವೆಯಾದಾಗ, ಯಾರ ಅನುಕೂಲ ಎಂಬ ಜಗಳ ಶುರುವಾಗುತ್ತದೆ. ‘ಈ ವಾರ ಕರೆದುಕೊಂಡು ಹೋಗ್ತಾರಾ ಅಂತ ಅಪ್ಪನನ್ನೇ ಕೇಳು’ ಎಂದು ಮಗುವಿನ ಬಾಯಲ್ಲೇ ಹೇಳಿಸುವುದು ರೂಢಿಯಾಗುತ್ತದೆ. ದಿನ, ಗಂಟೆ, ಸ್ಥಳ ಮೂರನ್ನೂ ಬರೆದಿಟ್ಟರೆ ಆ ಹೊರೆ ಮಗುವಿನ ತಲೆಗೆ ಬೀಳುವುದಿಲ್ಲ. ಇಬ್ಬರೂ ಒಪ್ಪಿ ಆಗಾಗ ಸಡಿಲಿಸಿಕೊಳ್ಳಲು ಅಡ್ಡಿಯಿಲ್ಲ. ಒಪ್ಪದ ದಿನಕ್ಕಾಗಿಯೇ ಆ ಬರಹ.

ಸಮಪಾಲಿಗೆ ಮೂರು ಮಾದರಿಗಳು ಬಳಕೆಯಲ್ಲಿವೆ. ಒಂದು ವಾರ ಇಲ್ಲಿ, ಒಂದು ವಾರ ಅಲ್ಲಿ ಎಂದರೆ 14 ದಿನಕ್ಕೆ ಮನೆ ಬದಲಾವಣೆ ಎರಡೇ ಬಾರಿ. ಆದರೆ ಪೂರ್ತಿ ಏಳು ದಿನ ಒಬ್ಬರನ್ನು ನೋಡದೆ ಇರುವುದು 4 ವರ್ಷದ ಮಗುವಿಗೆ ಬಹಳ ದೀರ್ಘ. 2-2-3 ಮಾದರಿಯಲ್ಲಿ ಎರಡು ದಿನ ಒಬ್ಬರಲ್ಲಿ, ಎರಡು ದಿನ ಇನ್ನೊಬ್ಬರಲ್ಲಿ, ಮೂರು ದಿನ ಮತ್ತೆ ಮೊದಲನೆಯವರಲ್ಲಿ; ಮುಂದಿನ ವಾರ ಇದೇ ತಿರುಗುಮುರುಗು. ಅಗಲಿಕೆ ಮೂರು ದಿನ ದಾಟುವುದಿಲ್ಲ. ಆದರೆ 14 ದಿನಕ್ಕೆ ಆರು ಬಾರಿ ಮನೆ ಬದಲಿಸಬೇಕು, ವಾರದ ದಿನಗಳೂ ಪ್ರತಿ ವಾರ ಅದಲುಬದಲಾಗುತ್ತವೆ. ಮಕ್ಕಳಷ್ಟೇ ಅಲ್ಲ, ದೊಡ್ಡವರೂ ಗೊಂದಲಕ್ಕೆ ಬೀಳುತ್ತಾರೆ. ನಿಮಗೆ ಹೊಂದುವುದು 2-2-5-5. ಸೋಮವಾರ, ಮಂಗಳವಾರ ಯಾವಾಗಲೂ ಒಬ್ಬರಲ್ಲಿ. ಬುಧವಾರ, ಗುರುವಾರ ಇನ್ನೊಬ್ಬರಲ್ಲಿ. ಶುಕ್ರವಾರದಿಂದ ಭಾನುವಾರದವರೆಗೆ ವಾರ ಬಿಟ್ಟು ವಾರ; ಈ ಮೂರು ದಿನ ತಮ್ಮ ಎರಡು ದಿನಕ್ಕೆ ಸೇರಿ ಐದು ದಿನದ ಸರದಿಯಾಗುತ್ತದೆ. ಬದಲಾವಣೆ ನಾಲ್ಕು ಬಾರಿ, ದಿನಗಳೂ ಸ್ಥಿರ. ಸಂಗೀತವೋ ಆಟವೋ, ಮಗನ ತರಗತಿಗೆ ಯಾರು ಬಿಡಬೇಕೆಂದು ಪ್ರತಿ ವಾರ ಚರ್ಚಿಸಬೇಕಿಲ್ಲ. ಐದು ದಿನದ ಸರದಿ ಬಂದಾಗ ನಡುವೆ ಒಂದು ಸಂಜೆ ಎರಡು ಗಂಟೆ ಮಗಳು ಇನ್ನೊಬ್ಬರ ಜೊತೆ ಇರಲಿ. ಅವಳಿಗೆ 6 ತುಂಬಿದ ಮೇಲೆ ಅದು ಬೇಕೇ ಎಂದು ನೋಡಿ. ವಯಸ್ಸು ಬೇರೆಬೇರೆ ಎಂದು ಅಣ್ಣತಂಗಿಯರಿಗೆ ಬೇರೆ ಬೇರೆ ವೇಳಾಪಟ್ಟಿ ಮಾತ್ರ ಮಾಡಬೇಡಿ. ಈ ಹೊತ್ತಿನಲ್ಲಿ ಅವರಿಗೆ ಬದಲಾಗದೆ ಉಳಿದಿರುವುದು ಒಬ್ಬರಿಗೊಬ್ಬರ ಜೊತೆ.

ಶಾಲೆಯ ದಿನಗಳಲ್ಲಿ ಬೆಳಿಗ್ಗೆ ಒಬ್ಬರು ಬಿಟ್ಟು, ಸಂಜೆ ಇನ್ನೊಬ್ಬರು ಕರೆದೊಯ್ದರೆ ಹೊಸಿಲಲ್ಲಿ ಮುಖಾಮುಖಿಯೇ ಇರುವುದಿಲ್ಲ. ರಜೆಯಲ್ಲಿ ಮಗು ಯಾರ ಬಳಿ ಇದೆಯೋ ಅವರೇ ಕರೆತಂದು ಬಿಡಲಿ. ಇನ್ನೊಬ್ಬರು ಬಂದು ಎಳೆದೊಯ್ದಂತೆ ಮಗುವಿಗೆ ಅನಿಸಬಾರದು. ‘ಹೋಗಿ ಬಾ’ ಎಂದು ತಾವೇ ಕಳಿಸಿದಂತಿರಬೇಕು. ತಡವಾದರೆ ಎಷ್ಟು ಹೊತ್ತು ಕಾಯಬೇಕೆಂದೂ ಬರೆಯಿರಿ, ಉದಾಹರಣೆಗೆ 30 ನಿಮಿಷ. ಬಾಗಿಲಲ್ಲಿ ದುಡ್ಡಿನ ಮಾತು ಬೇಡವೇ ಬೇಡ.

ಬಟ್ಟೆ, ಹಲ್ಲುಜ್ಜುವ ಬ್ರಷ್, ಚಾರ್ಜರ್ ಎರಡೂ ಮನೆಯಲ್ಲಿರಲಿ. ಓಡಾಡಬೇಕಾದದ್ದು ಶಾಲೆಯ ಚೀಲ, ಮಗಳು ಬಿಟ್ಟಿರಲಾರದ ಒಂದು ಆಟಿಕೆ, ಔಷಧಿ. ಔಷಧಿಯ ಜೊತೆ ಹೆಸರು, ಪ್ರಮಾಣ, ಕೊನೆಯ ಬಾರಿ ಕೊಟ್ಟ ಗಂಟೆ ಬರೆದ ಚೀಟಿ ಕಡ್ಡಾಯ. ಜ್ವರದ ಪ್ಯಾರಾಸಿಟಮಾಲ್‌ಗೆ ಎರಡು ಡೋಸ್‌ಗಳ ನಡುವೆ ಕನಿಷ್ಠ 4 ಗಂಟೆ ಬಿಡಬೇಕು. ಚೀಟಿ ಇಲ್ಲದಿದ್ದರೆ ಎರಡೂ ಮನೆಯಲ್ಲಿ ಕೊಟ್ಟು ಪ್ರಮಾಣ ಮೀರುವ ಅಪಾಯ ನಿಜವಾದದ್ದು.

ಜಂಟಿ ಕಸ್ಟಡಿ ಎಂದರೆ ದಿನಗಳ ಲೆಕ್ಕವಷ್ಟೇ ಅಲ್ಲ, ಯಾವುದನ್ನು ಯಾರು ತೀರ್ಮಾನಿಸಬೇಕು ಎಂಬುದೂ ಹೌದು. ಊಟ, ನಿದ್ದೆ, ಹೋಂವರ್ಕ್ ಆ ದಿನ ಮಗು ಇರುವ ಮನೆಯವರದ್ದು. ಶಾಲೆ ಬದಲಾವಣೆ, ಶಸ್ತ್ರಚಿಕಿತ್ಸೆ, ಪಾಸ್‌ಪೋರ್ಟ್, ಊರು ಬಿಡುವುದು ಇಬ್ಬರ ಒಪ್ಪಿಗೆಯಿಂದಲೇ ಆಗಬೇಕು. ತುರ್ತು ಚಿಕಿತ್ಸೆಗೆ ಹತ್ತಿರ ಇದ್ದವರು ಸಹಿ ಹಾಕಿ ಕೂಡಲೇ ತಿಳಿಸಲಿ. ಒಮ್ಮತ ಬಾರದಿದ್ದರೆ ಎಷ್ಟು ದಿನದೊಳಗೆ ಯಾವ ಮಧ್ಯಸ್ಥಗಾರರ ಬಳಿ ಹೋಗುವುದೆಂದೂ ಬರೆದಿಡಿ. ಹಬ್ಬ, ಹುಟ್ಟುಹಬ್ಬಗಳಿಗೆ ಸರಿ ಸಂಖ್ಯೆಯ ವರ್ಷ ಒಬ್ಬರಿಗೆ, ಬೆಸ ವರ್ಷ ಇನ್ನೊಬ್ಬರಿಗೆ ಎಂದರೆ ಸುಲಭ. ಹಬ್ಬದ ಸರದಿ ವಾರದ ಸರದಿಗಿಂತ ಮೇಲು ಎಂಬ ಒಂದು ಸಾಲು ಮರೆಯಬೇಡಿ. ಅದು ಬಿಟ್ಟುಹೋದಾಗ ಎರಡೂ ಕಡೆಯವರು ಒಂದೇ ದಿನವನ್ನು ತಮ್ಮದೆನ್ನುತ್ತಾರೆ. ವರ್ಷಕ್ಕೊಮ್ಮೆ ಪೂರ್ತಿ ಪರಿಶೀಲನೆ ಇರಲಿ.

ಸಹಿಗೆ ಮುನ್ನ ನಿಮ್ಮ ವಕೀಲರಿಗೆ ತೋರಿಸಿ. ಕಾನೂನು ದೇಶದಿಂದ ದೇಶಕ್ಕೆ ಬೇರೆ.

ಪ್ರಶ್ನೆ: 11 ವರ್ಷದ ಮಗ ತಂದೆಯ ಮನೆಗೆ ಹೋಗಲ್ಲ ಎಂದು ಅಳುತ್ತಾನೆ. ನಾನೇ ಕಿವಿಯೂದಿದ್ದೇನೆ ಎಂದು ಅವರ ಆರೋಪ. ಏನು ಮಾಡಲಿ?

ಉತ್ತರ: ಮೊದಲು ಕಾರಣವನ್ನು ವಿಂಗಡಿಸಿ. ಗೆಳೆಯರ ಆಟ ತಪ್ಪುತ್ತದೆ, ಅಲ್ಲಿ ಓದಲು ಜಾಗವಿಲ್ಲ, ಹೊಸಬರೊಬ್ಬರು ಆ ಮನೆಗೆ ಬಂದಿದ್ದಾರೆ, ತನ್ನನ್ನು ಬಿಟ್ಟು ಅಮ್ಮ ಒಂಟಿಯಾಗುತ್ತಾಳೆ ಎಂಬ ಚಿಂತೆ: ಇವೆಲ್ಲ ಸರಿಪಡಿಸಬಹುದಾದವು. ಹೊರಡುವ ಮುನ್ನ ನಿಮ್ಮ ಕಣ್ಣು ತುಂಬಿದರೂ ಮಗು ಅದನ್ನು ಗಮನಿಸುತ್ತದೆ. ಹಿಂತಿರುಗಿದ ಕೂಡಲೇ ‘ಅಲ್ಲಿ ಏನಾಯ್ತು, ಯಾರಿದ್ದರು’ ಎಂದು ವಿಚಾರಣೆ ಬೇಡ. ಮೊದಲ ಒಂದು ಗಂಟೆ ಅವನಷ್ಟಕ್ಕೆ ಬಿಡಿ. ಇಂಥ ಕಾರಣಗಳಿಗೆ ಭೇಟಿಯನ್ನು ನೀವೇ ನಿಲ್ಲಿಸಬೇಡಿ. ತಂದೆಗೆ ಚಿಕ್ಕ ಸಂದೇಶ ಬರೆಯಿರಿ: ಒಂದೇ ವಿಷಯ, ನಾಲ್ಕೈದು ವಾಕ್ಯ, ದೂರಿನ ಬದಲು ಒಂದು ಸಲಹೆ. ‘ಶನಿವಾರದ ಆಟ ಮುಗಿಸಿ 11 ಗಂಟೆಗೆ ಕಳಿಸಲೇ?’ ಎಂಬಂತೆ.

ಮೈಮೇಲೆ ಗಾಯ, ಭಯ, ವಯಸ್ಸಿಗೆ ಮೀರಿದ ಲೈಂಗಿಕ ಮಾತು, ಕುಡಿದು ವಾಹನ ಓಡಿಸಿದ ಸುದ್ದಿ ಇದ್ದರೆ ವಿಷಯವೇ ಬೇರೆ. ಮಗು ಹೇಳಿದ್ದನ್ನು ಅದರದೇ ಮಾತಿನಲ್ಲಿ, ದಿನಾಂಕದೊಂದಿಗೆ ಬರೆದುಕೊಳ್ಳಿ. ಮತ್ತೆ ಮತ್ತೆ ಕೆದಕಿ ಕೇಳಿದರೆ ಹೇಳಿಕೆ ಕಲಬೆರಕೆಯಾಗಿ ಮುಂದೆ ತನಿಖೆಗೆ ತೊಡಕಾಗುತ್ತದೆ. ಅದೇ ದಿನ ವೈದ್ಯರು, ಮಕ್ಕಳ ರಕ್ಷಣಾ ಅಧಿಕಾರಿಗಳು, ವಕೀಲರನ್ನು ಕಂಡು, ಮೂರನೆಯವರ ಎದುರಿನಲ್ಲೇ ನಡೆಯುವ ಮೇಲ್ವಿಚಾರಣೆಯ ಭೇಟಿಗೆ ನ್ಯಾಯಾಲಯದಲ್ಲಿ ಕೇಳಿ. ದಾಂಪತ್ಯದಲ್ಲಿ ಹಿಂಸೆ ನಡೆದಿದ್ದರೆ, ಹೊಂದಿಕೊಂಡು ಹೋಗಿ ಎಂಬ ಸಲಹೆ ನಿಮಗೆ ಅನ್ವಯಿಸುವುದೇ ಇಲ್ಲ.

ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಮಗುವಿಗೆ ತನ್ನ ಅಭಿಪ್ರಾಯ ಹೇಳುವ ಹಕ್ಕು ಕೊಡುತ್ತದೆ. ವಯಸ್ಸು, ಪ್ರಬುದ್ಧತೆ ನೋಡಿ ಅದಕ್ಕೆ ತೂಕ ಕೊಡಬೇಕೆನ್ನುತ್ತದೆ. ಆಯ್ಕೆಯ ಭಾರವನ್ನೇ ಮಗುವಿಗೆ ಹೊರಿಸಿ ಎಂದಲ್ಲ. ‘ಯಾರು ಬೇಕು ನಿನಗೆ?’ ಎಂದು ಅವನನ್ನು ಕೇಳಲೇಬೇಡಿ.

ಪ್ರಶ್ನೆ: ಎರಡು ತಿಂಗಳಿಂದ ಜೀವನಾಂಶ ಬಂದಿಲ್ಲ. ಭೇಟಿ ನಿಲ್ಲಿಸಬಹುದೇ?

ಉತ್ತರ: ಬೇಡ. ಹಣವೂ ಭೇಟಿಯೂ ಎರಡು ಬೇರೆ ಹಕ್ಕುಗಳು, ಎರಡೂ ಮಗುವಿನವೇ. ಭೇಟಿ ತಡೆದರೆ ನ್ಯಾಯಾಲಯದ ಆದೇಶ ಮುರಿದವರ ಸಾಲಿಗೆ ನೀವೂ ಸೇರುತ್ತೀರಿ. ಬಾಕಿಯ ತಿಂಗಳು, ಮೊತ್ತ, ಬ್ಯಾಂಕ್ ದಾಖಲೆ ಸೇರಿಸಿ ವಸೂಲಿಗೆ ಅರ್ಜಿ ಹಾಕಿ. ಬಾಕಿಯ ಮಾತು ಮಗುವಿನ ಕಿವಿಗೆ ಬೀಳದಿರಲಿ. ಮಗುವನ್ನು ನೋಡಲು ಬಿಡುತ್ತಿಲ್ಲ ಎಂದು ಹಣ ನಿಲ್ಲಿಸಿದವರಿಗೂ ಉತ್ತರ ಇದೇ.