ಟ್ರಿಪಲ್ ಆಪ್ಷನ್ ತಂಡಕ್ಕೆ ಎಂಥ ಕ್ವಾರ್ಟರ್‌ಬ್ಯಾಕ್ ಬರುತ್ತಾನೆ?

ಪಾಲ್ ಜಾನ್ಸನ್ ಕೋಚ್ ಆಗಿದ್ದಾಗ ಅಮೆರಿಕದ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ದೊಡ್ಡ ಹೆಸರಿನ ಕ್ವಾರ್ಟರ್‌ಬ್ಯಾಕ್‌ಗಳು (ಚೆಂಡು ಹಿಡಿದು ದಾಳಿ ನಡೆಸುವ ಮುಖ್ಯ ಆಟಗಾರರು) ಯಾಕೆ ಬರುತ್ತಿರಲಿಲ್ಲ ಅಂತ ಕೇಳಿದ್ದೀರಿ. ಆಟದ ಶೈಲಿಯೇ ಮುಖ್ಯ ಕಾರಣ. 2008ರಿಂದ 2018ರವರೆಗೆ ಅವರು ಆಡಿಸಿದ್ದು ಟ್ರಿಪಲ್ ಆಪ್ಷನ್. ಅದರಲ್ಲಿ ಕ್ವಾರ್ಟರ್‌ಬ್ಯಾಕ್ ಎದುರಿನ ಡಿಫೆಂಡರ್‌ಗಳು ಯಾವ ಕಡೆ ವಾಲುತ್ತಾರೆ ಅಂತ ನೋಡಿಕೊಂಡು, ಚೆಂಡನ್ನು ಮಧ್ಯದಲ್ಲಿ ನುಗ್ಗುವವನ ಕೈಗೆ ಕೊಡಬೇಕಾ, ತಾನೇ ಓಡಬೇಕಾ, ಇಲ್ಲ ಪಕ್ಕದಲ್ಲಿ ಓಡಿ ಬರುತ್ತಿರುವವನಿಗೆ ಎಸೆಯಬೇಕಾ ಅಂತ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ತೀರ್ಮಾನಿಸಬೇಕು. ಮುಂದಕ್ಕೆ ಪಾಸ್ ಎಸೆಯುವುದು ತುಂಬ ಕಡಿಮೆ. ಚೆನ್ನಾಗಿ ಪಾಸ್ ಮಾಡುವ, ಎನ್‌ಎಫ್‌ಎಲ್ (ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್) ಕನಸಿರುವ ಹುಡುಗ ಅಲ್ಲಿಗೆ ಯಾಕೆ ಹೋಗುತ್ತಾನೆ ಹೇಳಿ?

ಆದರೆ ಇದೇ ಶೈಲಿಯಿಂದ ಒಳ್ಳೆಯ ಹುಡುಗರೂ ಸಿಕ್ಕರು. ಜಸ್ಟಿನ್ ಥಾಮಸ್ ಅನ್ನೋ ಹುಡುಗ ಅಲಬಾಮಾ ವಿಶ್ವವಿದ್ಯಾಲಯದ ತಂಡಕ್ಕೆ ಬೇಕಾಗಿದ್ದು ಡಿಫೆನ್ಸ್‌ಗೆ, ಅಂದರೆ ಎದುರಾಳಿಯನ್ನು ತಡೆಯುವ ಆಟಕ್ಕೆ. ಅವನಿಗೆ ಕ್ವಾರ್ಟರ್‌ಬ್ಯಾಕ್ ಆಗಿಯೇ ಆಡಬೇಕಿತ್ತು, ಟೆಕ್‌ಗೆ ಬಂದ. ಅವನು ಕ್ವಾರ್ಟರ್‌ಬ್ಯಾಕ್ ಆಗಿದ್ದ 2014ರ ಸೀಸನ್‌ನಲ್ಲಿ ತಂಡ 11 ಪಂದ್ಯ ಗೆದ್ದಿತು, ಸೀಸನ್ ಕೊನೆಯ ದೊಡ್ಡ ಪಂದ್ಯವಾದ ಆರೆಂಜ್ ಬೌಲ್‌ನಲ್ಲಿ ಮಿಸಿಸಿಪ್ಪಿ ಸ್ಟೇಟ್ ತಂಡವನ್ನು 49-34ರಿಂದ ಸೋಲಿಸಿತು. ಸುಮ್ನೆ ಹೈಸ್ಕೂಲ್ ಆಟಗಾರರಿಗೆ ಕೊಡುವ ಸ್ಟಾರ್ ರೇಟಿಂಗ್ ನೋಡಿ ಅಳೆಯಬೇಡಿ.

ನನ್ನ ಪ್ರಕಾರ ಶೈಲಿ ಬದಲಾಯಿಸುವಾಗಲೇ ಕಷ್ಟ ಜಾಸ್ತಿ. ಜಾನ್ಸನ್ ಹೋದ ಮೇಲೆ ಆಪ್ಷನ್‌ಗೆ ಅಂತ ಆರಿಸಿದ್ದ ಹುಡುಗರೇ ಹೊಸ ಕೋಚ್ ಕೈಕೆಳಗೆ ಬೇರೆ ಥರದ ಆಟ ಆಡಬೇಕಾಯಿತು. 2019ರಲ್ಲಿ ಗೆದ್ದಿದ್ದು 3, ಸೋತಿದ್ದು 9.