2.45ಕ್ಕೆ ಯಾರು ಬರ್ತಾರೆ?

ಹುಡುಗನಿಗೆ ಒಂಬತ್ತು ವರ್ಷ, ನಾಲ್ಕನೇ ಗ್ರೇಡ್. ಹುಟ್ಟಿದ್ದು ಕ್ಯಾಲಿಫೋರ್ನಿಯಾದಲ್ಲಿ, ಹಾಗಾಗಿ ಅಮೆರಿಕದ ಪ್ರಜೆ. ತಾಯಿ ಗ್ವಾಟೆಮಾಲಾದ ಗುಡ್ಡಗಾಡಿನವರು, ಕಾಗದಪತ್ರವಿಲ್ಲ. ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.

2025ರ ಫೆಬ್ರವರಿಯಿಂದ ಆರು ವಾರಗಳಲ್ಲಿ ಹನ್ನೊಂದು ಸಲ ಹೊಟ್ಟೆನೋವೆಂದು ನರ್ಸ್ ಕೋಣೆಗೆ ಬಂದ. ಜ್ವರವಿಲ್ಲ, ವಾಂತಿಯಿಲ್ಲ. ಬಂದ ಹೊತ್ತನ್ನು ಸಾಲಾಗಿ ಬರೆದಾಗ ಎಳೆ ಸಿಕ್ಕಿತು: ಒಂಬತ್ತು ಸಲ ಮಧ್ಯಾಹ್ನ ಒಂದೂವರೆಯ ನಂತರ. ಶಾಲೆ ಬಿಡುವುದು 2.45ಕ್ಕೆ. ನೆಪ ಹೂಡುವ ಮಕ್ಕಳಾದರೆ ಗಣಿತದ ಪಿರಿಯಡ್ ನೋಡಿಕೊಂಡು ಬರುತ್ತಾರೆ.

ಶಾಲೆ, ಆಸ್ಪತ್ರೆ, ಚರ್ಚುಗಳಲ್ಲಿ ವಲಸೆ ಅಧಿಕಾರಿಗಳು ಸಾಮಾನ್ಯವಾಗಿ ಯಾರನ್ನೂ ಹಿಡಿಯಬಾರದೆಂಬ ಮಾರ್ಗಸೂಚಿ 2011ರಿಂದ ಒಂದಲ್ಲ ಒಂದು ರೂಪದಲ್ಲಿತ್ತು. 2025ರ ಜನವರಿಯಲ್ಲಿ ಅದು ರದ್ದಾಯಿತು. ಹುಡುಗನಿಗೆ ಇದೇನೂ ಗೊತ್ತಿಲ್ಲ. ಬಸ್ಸಿನಲ್ಲಿ ಒಬ್ಬ ಹೇಳಿದ್ದು ಮಾತ್ರ ಗೊತ್ತು: "ನಿಮ್ಮಮ್ಮನ್ನ ಹಿಡ್ಕೊಂಡು ಹೋಗ್ತಾರೆ."

"ಏನೂ ಆಗಲ್ಲ" ಎಂದು ಟೀಚರ್ ಸಮಾಧಾನ ಮಾಡಿದರು. ಮರುದಿನ ಅದೇ ಪ್ರಶ್ನೆ. ಖಾತ್ರಿಯಿಲ್ಲದ ಭರವಸೆ ಮಗುವಿಗೆ ಒಂದು ದಿನಕ್ಕಿಂತ ಹೆಚ್ಚು ಬಾಳಿಕೆ ಬರುವುದಿಲ್ಲ. ಅವನು ಕೇಳುತ್ತಿದ್ದುದು ರಾಜಕೀಯವನ್ನಲ್ಲ, ತನ್ನನ್ನು ಕರೆದೊಯ್ಯಲು ಯಾರು ಬರುತ್ತಾರೆಂದು.

ತಾಯಿಯೊಂದಿಗೆ ಮೊದಲ ಭೇಟಿಯಲ್ಲಿ ಎಡವಟ್ಟಾಯಿತು. ಸ್ಪ್ಯಾನಿಷ್ ದುಭಾಷಿಯನ್ನು ಕರೆಸಿದ್ದರು. ತಾಯಿ ಎಲ್ಲದಕ್ಕೂ ತಲೆಯಾಡಿಸಿದರು. ಅವರ ಭಾಷೆ ಮಾಮ್, ಮಾಯಾ ಭಾಷೆಗಳಲ್ಲೊಂದು. ಕೊನೆಗೆ ಹುಡುಗನೇ ಭಾಷಾಂತರಿಸಿದ, ಅಮ್ಮನ ಭಯವೆಲ್ಲ ಅವನ ಬಾಯಿಂದಲೇ ಹೊರಬಂತು. ಎರಡನೇ ಸಲ ಫೋನಿನಲ್ಲಿ ಮಾಮ್ ದುಭಾಷಿ, ಹುಡುಗ ತರಗತಿಯಲ್ಲಿ.

ಮೊದಲು ತೆಗೆದದ್ದು ಶಾಲೆಯಲ್ಲಿದ್ದ ತುರ್ತು ಸಂಪರ್ಕದ ಕಾರ್ಡ್. ತಾಯಿಯದು ಬಿಟ್ಟರೆ ಚಿಕ್ಕಮ್ಮನ ಹೆಸರು. ಇಬ್ಬರೂ ಒಂದೇ ಕಾರಿನಲ್ಲಿ ಒಂದೇ ಕೆಲಸಕ್ಕೆ ಹೋಗುವವರು. ಕಾರು ತಡೆದರೆ ಇಬ್ಬರೂ ಇಲ್ಲ. ಸಲಹೆ: ಸರದಿಯಲ್ಲಿ ಮೂರು ಹೆಸರು, ಒಬ್ಬರಾದರೂ ಗ್ರೀನ್ ಕಾರ್ಡ್ ಇದ್ದವರು ಅಥವಾ ಪ್ರಜೆ, ಬೇರೆ ಕಡೆ ಕೆಲಸ ಮಾಡುವವರು. ಹೆಸರು ಐಡಿಯಲ್ಲಿದ್ದಂತೆಯೇ ಇರಲಿ. ಮನೆಯಲ್ಲಿ ಕರೆಯುವ ಹೆಸರು ಬರೆದಿದ್ದರೆ ಆಫೀಸಿನವರು ಮಗುವನ್ನು ಕಳಿಸುವುದಿಲ್ಲ. ನಂಬರುಗಳಿಗೆ ಅಲ್ಲೇ ಫೋನ್ ಮಾಡಿ ನೋಡಿದಾಗ ಒಂದು ಬಂದ್ ಆಗಿತ್ತು. (ಎಚ್‌-1ಬಿ ಮೇಲಿರುವ ಕನ್ನಡದ ಮನೆಗಳ ಕಾರ್ಡಿನಲ್ಲೂ ಅಪ್ಪ-ಅಮ್ಮ ಬಿಟ್ಟು ಮೂರನೆಯ ಹೆಸರಿದೆಯೇ, ನೋಡಿಕೊಳ್ಳಿ.)

ತಾಯಿ ಬಂಧನವಾದರೆ ಮಗುವನ್ನು ಇಟ್ಟುಕೊಳ್ಳುವವರಿಗೆ ಕ್ಯಾಲಿಫೋರ್ನಿಯಾದಲ್ಲಿ ಆರೈಕೆದಾರರ ಅಫಿಡವಿಟ್ ಇದೆ. ಸಹಿ ಹಾಕುವುದು ಇಟ್ಟುಕೊಳ್ಳುವವರೇ. ಕೋರ್ಟೂ ಬೇಡ, ನೋಟರಿಯೂ ಬೇಡ. ಲ್ಯಾಟಿನ್ ಅಮೆರಿಕದಲ್ಲಿ 'ನೊತಾರಿಯೊ' ಎಂದರೆ ವಕೀಲರು, ಇಲ್ಲಿ ಬರೀ ಸಹಿಗೆ ಸಾಕ್ಷಿ. ಆ ಗೊಂದಲದಲ್ಲೇ ದುಡ್ಡು ಕೀಳುವವರಿದ್ದಾರೆ.

ಶಾಲೆಗೆ ಹೇಳಿದ್ದು: ಕಡತದಲ್ಲಿ 'ಅಗಲಿಕೆಯ ಆತಂಕ' ಎಂದಷ್ಟೇ ಬರೆಯಿರಿ, ವಲಸೆಯ ಸ್ಥಿತಿ ಬೇಡ. ಯಾರಾದರೂ ವಾರಂಟ್ ತಂದರೆ ಮುಂಬಾಗಿಲ ಗುಮಾಸ್ತರು ತೀರ್ಮಾನಿಸಬಾರದು, ಶಾಲಾ ಡಿಸ್ಟ್ರಿಕ್ಟಿನ ವಕೀಲರಿಗೆ ಫೋನ್ ಮಾಡಲಿ. ಐ-200 ಎಂಬ ಬಂಧನ ವಾರಂಟಿನ ನಮೂನೆಗೆ ಸಹಿ ಹಾಕಿರುವುದು ವಲಸೆ ಇಲಾಖೆಯ ಅಧಿಕಾರಿ, ನ್ಯಾಯಾಧೀಶರಲ್ಲ.

ಹುಡುಗನ ಪೆನ್ಸಿಲ್ ಪೌಚಿನಲ್ಲಿ ಮೂರು ಹೆಸರಿನ ಚೀಟಿ. ಅಮ್ಮ ತಡವಾದರೆ ಆಫೀಸಿನ ಬೆಂಚು, ಗೇಟಲ್ಲ. ಇದನ್ನು ಐದು ಸಲ ನಡೆದು ಅಭ್ಯಾಸ ಮಾಡಿಸಿದೆವು. 12.10ಕ್ಕೆ ಎರಡು ನಿಮಿಷ ಅಮ್ಮನಿಗೆ ಫೋನ್. ನಾಲ್ಕನೇ ದಿನ ಆಕೆ ಎತ್ತಲಿಲ್ಲ, ಮೊಬೈಲು ಲಾಕರಿನಲ್ಲಿತ್ತು. ಹುಡುಗ ಮೇಜಿನಡಿ ಸೇರಿದ. ಅದನ್ನು ಮೊದಲೇ ಊಹಿಸಬೇಕಿತ್ತು. ಚೀಟಿಗೆ ಒಂದು ಸಾಲು ಸೇರಿತು: "ಅಮ್ಮ ಎತ್ತಲಿಲ್ಲ ಅಂದ್ರೆ ಕೆಲಸದಲ್ಲಿದ್ದಾಳೆ. ಎರಡನೇ ಹೆಸರಿಗೆ ಮಾಡು."

ಮೇ ತಿಂಗಳಲ್ಲಿ ಆ ಎರಡನೇ ಹೆಸರಿನವರ ನಂಬರ್ ಬದಲಾಯಿತು. ಆಫೀಸಿಗೆ ಬಂದು ಹೊಸದನ್ನು ಬರೆಸಿದವನು ಹುಡುಗನೇ.